ಪಂಪೇ ಹೋಗೈತೆ

ಚಳ್ಳಕೆರೆ ಬಿಟ್ಟು ಬಳ್ಳಾರಿ ಕಡೆಗೆ ಹೊರಟ ಭಾರಿ ಟರ್ಬೊ ಕಾರೊಂದು ತಳುಕು ದಾಟಿ, ಮೊಳಕಾಲ್ಮೂರಿಗೆ ತಿರುಗುವ ಹಾನಗಲ್ ಕ್ರಾಸ್ ಬರುವುದರೊಳಗೆ ಕೆಟ್ಟು ನಿಂತಿತೆನ್ನಿ. ಬಾನೆಟ್ ಎತ್ತಿ ಐದು ನಿಮಿಷವಾಗಿರುವುದಿಲ್ಲ, ಪಕ್ಕದ ಊರಿನವನೊಬ್ಬ ಹಾಜರು. ಹೆಗಲ ಮೇಲೆ ಟವೆಲ್, ಕಿವಿ ಸಂದಿಯಲ್ಲಿ ಬೀಡಿ. ಎಂಜಿನ್ನನ್ನು ಒಮ್ಮೆ ನೋಡಿ, ಕಾರಿನ ಒಡೆಯನ ಬೂಟನ್ನು ಎರಡು ಸಲ ನೋಡಿ, ತೀರ್ಪು ಕೊಡುತ್ತಾನೆ: "ಪಂಪೇ ಹೋಗೈತೆ ಸ್ವಾಮಿ." ಜೊತೆಗಿದ್ದ ನಾಲ್ವರು ತಲೆಯಾಡಿಸುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ 2024ರ ಮಾರ್ಚ್ 22ರಂದು ಇಸ್ರೋದ ಪುಷ್ಪಕ್ ಎಂಬ ರೆಕ್ಕೆಯ ವಾಹನ ಪೈಲಟ್ಟೇ ಇಲ್ಲದೆ ರನ್‌ವೇಗೆ ಇಳಿಯಿತು. ನಿಂತ ಕಾರಿಗೆ ಮಾತ್ರ ಈ ಸೀಮೆಯಲ್ಲಿ ಪೈಲಟ್ಟುಗಳ ಬರ ಎಂದೂ ಬಿದ್ದಿಲ್ಲ.

ಅವನನ್ನು ದಡ್ಡ ಎಂದುಕೊಂಡರೆ ನಾವೇ ದಡ್ಡರು. ಮಳೆ ನಂಬಿ ಶೇಂಗಾ ಬಿತ್ತುವ, ಬೋರ್ ನಂಬಿ ಈರುಳ್ಳಿ ಹಾಕುವ ಊರಿನವನು ಅವನು. ನೀರು ನಿಂತ ದಿನ ಅವನು ಮೋಟರ್ ಎತ್ತಿಸಲು ಓಡುವುದಿಲ್ಲ. ಟಿಸಿಯಲ್ಲಿ ಫ್ಯೂಜ್ ಇದೆಯೇ, ಮೂರೂ ಫೇಸ್ ಬಂದಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ, ಬೋರ್ ಬಾಯಲ್ಲಿ ಕೇಬಲ್ ಜಾಯಿಂಟ್ ಕರಕಲಾಗಿದೆಯೇ ಎಂದೆಲ್ಲ ನೋಡಿ, ಮನೆದೇವರಿಗೆ ಒಂದು ಕೈ ಮುಗಿದು, ಆಮೇಲಷ್ಟೇ ಮೋಟರ್ ಎತ್ತುವವರಿಗೆ ಫೋನ್ ಮಾಡುತ್ತಾನೆ. ನೂರಾರು ಅಡಿ ಪೈಪು ಎಳೆಸುವ ಖರ್ಚು ಅವನ ಜೇಬಿನದು ನೋಡಿ. ಕಾರಿನ ಪಂಪಾದರೂ ಅದರ ತಮ್ಮನೇ: ಟ್ಯಾಂಕಿನ ಪೆಟ್ರೋಲಿನಲ್ಲಿ ಮುಳುಗಿ, ಪೆಟ್ರೋಲಿನಿಂದಲೇ ತಂಪಾಗುವ ಪುಟ್ಟ ಸಬ್‌ಮರ್ಸಿಬಲ್. ಟಿಸಿ ಜಾಗದಲ್ಲಿ ಬ್ಯಾಟರಿ, ಸ್ಟಾರ್ಟರ್ ಜಾಗದಲ್ಲಿ ರಿಲೇ. ಇಷ್ಟು ಬಲ್ಲವನು ಫ್ಯೂಜು, ರಿಲೇ, ತಂತಿ ಎಲ್ಲ ಹಾರಿಸಿ ಸೀದಾ ಟ್ಯಾಂಕಿಗೆ ಕೈ ಹಾಕುವುದಕ್ಕೆ ನನಗೆ ಕಾಣುವ ಕಾರಣ ಒಂದೇ, ಇಲ್ಲಿ ಖರ್ಚು ಬೇರೆಯವರದು. ಮೊಳಕಾಲ್ಮೂರಿನ ನೇಕಾರನ ಮಗ್ಗದಲ್ಲಿ ರೇಷ್ಮೆ ಎಳೆ ಹರಿದಾಗ "ಹಾಸೇ ಬದಲಿಸು" ಎಂದು ಇವನೇನಾದರೂ ಹೇಳಿದರೆ ಎದ್ದು ನಡಿ ಎನ್ನುತ್ತಾರೆ. ಅಲ್ಲಿ ಹರಿದ ತುದಿ ಹುಡುಕಿ ಗಂಟು ಹಾಕುವುದೇ ಕಸುಬು.

ಟರ್ಬೊ ಗಾಡಿಯಲ್ಲಂತೂ ಈ ತುದಿ ಹುಡುಕಲೇಬೇಕು. ಅದರ ಪಂಪು ಸಾದಾ ಕಾರಿನದಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತದೆ. 10 ಆಂಪಿಯರ್ ಹರಿಯುವ ದಾರಿಯಲ್ಲಿ ರಿಲೇ ಪಾಯಿಂಟ್ ಕಪ್ಪಾಗಿ 0.4 ಓಮ್ ಅಡ್ಡ ನಿಂತಿತೋ, ಅಲ್ಲೇ 4 ವೋಲ್ಟ್ ಸೋರಿ, 40 ವ್ಯಾಟ್ ಬಿಸಿಯಾಗಿ, ರಿಲೇ ಕೂರುವ ಪ್ಲಾಸ್ಟಿಕ್ಕು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತದೆ. ಓಡುವ ಗಾಡಿಯ 14 ವೋಲ್ಟಿನಲ್ಲಿ ಪಂಪಿಗೆ ದಕ್ಕುವುದು 10. ಊರೊಳಗೆ ಅಷ್ಟು ಸಾಕು. ಹೆದ್ದಾರಿಯಲ್ಲಿ ಆಕ್ಸಿಲರೇಟರ್ ಅದುಮಿದಾಗ ಎಂಜಿನ್ನಿಗೆ ಪೆಟ್ರೋಲ್ ಸಾಲದೆ ಬಿಕ್ಕಳಿಕೆ ಶುರು. "ಮೀಟರ್ ಇಟ್ಟು ನೋಡೀವಿ, ಪೂರಾ 12 ಬರ್ತೈತೆ" ಎಂದು ಪಕ್ಕದವನು ಸಾಕ್ಷಿ ಹೇಳುತ್ತಾನೆ. ಸಾಕೆಟ್ ಕಳಚಿ ನೋಡಿದ 12 ಅದು. ಕರೆಂಟೇ ಹರಿಯದಾಗ ಒಂದೆಳೆ ಉಳಿದ ತಂತಿಯೂ 12 ತೋರಿಸುತ್ತದೆ, ನೊಗ ಹೂಡದೆ ಸಂತೆಯಲ್ಲಿ ಎತ್ತು ಕೊಂಡ ಹಾಗೆ. ಅರ್ತ್ ದಾರಿ ನೋಡಬೇಕಾದರೂ ಪಂಪು ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಪಂಪಿನ ಅರ್ತ್ ತಂತಿಗೆ ಇಡಬೇಕು. ಅರ್ಧ ವೋಲ್ಟ್ ಮೀರಿದರೆ ಮೊದಲು ಬಾಡಿ ಅರ್ತನ್ನೇ ಹಿಡಿದು ಕೇಳಬೇಕು.

"ಹೊಸ ಪಂಪ್ ಹಾಕಿದ ಮೇಲೆ ಎಷ್ಟೋ ಗಾಡಿ ಓಡ್ಯಾವಲ್ಲ?" ಓಡಿವೆ. ಸಾಕೆಟ್ ಬಿಚ್ಚಿ ಸಿಕ್ಕಿಸುವಾಗ ಪಿನ್ನಿನ ಕಿಲುಬು ಉಜ್ಜಿ ಹೋದರೂ ಗಾಡಿ ಓಡುತ್ತದೆ, ಮತ್ತೆ ಕಿಲುಬು ಹಿಡಿಯುವ ತನಕ. ಪಂಪು ಸಾಯುವುದೂ ಸುಳ್ಳಲ್ಲ; ಸದಾ ರಿಸರ್ವಿನಲ್ಲೇ ಓಡಿಸುವ ಜಿಪುಣನ ಪಂಪು ತಂಪು ಸಾಲದೆ ಬೇಗ ಸಾಯುತ್ತದೆ. "ಇದು ಕಂಪ್ಯೂಟರ್ ಗಾಡಿ, ಸ್ಕ್ಯಾನರ್ ಬೇಕು" ಎಂಬುದು ಇದ್ದುದರಲ್ಲಿ ಗಟ್ಟಿ ವಾದ, ಏಕೆಂದರೆ ಪಂಪಿಗೆ ಬೇರೆಯೇ ಕಂಟ್ರೋಲ್ ಡಬ್ಬಿ ಇರುವ ಗಾಡಿಗಳಲ್ಲಿ ಕಂಡಕಂಡ ತಂತಿಗೆ ಟೆಸ್ಟ್ ಬಲ್ಬು ಚುಚ್ಚಬಾರದು. ಆದರೆ ಸ್ಕ್ಯಾನರ್ ತಾನೇ ಏನು ಹೇಳುತ್ತದೆ? ಪಿ 0087, ಪೆಟ್ರೋಲಿನ ಪ್ರೆಷರ್ ಕಡಿಮೆ. ಫಿಲ್ಟರೋ, ರಿಲೇಯೋ, ಅರ್ತೋ ಎಂದು ಹೇಳುವುದಿಲ್ಲ. ಅದನ್ನು ಓದಿದ ಎಸಿ ರೂಮಿನ ಇಸ್ತ್ರಿ ಅಂಗಿಯವರೂ ಟ್ಯಾಬ್ ಮುಚ್ಚಿ, ಇವನ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿ ಬಿಲ್ಲಿಗೆ ಜಿಎಸ್‌ಟಿ ಸೇರಿಸುತ್ತಾರೆ. ಇನ್ನು ರಸ್ತೆ ಬದಿಯಲ್ಲಿ ಸಾಧನ ಎಲ್ಲಿಂದ ತರೋಣ ಎನ್ನುವವರಿಗೆ ಕಿವಿ ಇದೆ. ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ ಕೀ ತಿರುಗಿಸಿದ ಕೂಡಲೇ ಹಿಂದಿನ ಸೀಟಿನಡಿ ಪಂಪು ಒಂದೆರಡು ಸೆಕೆಂಡ್ ಗುಂಯ್ ಎನ್ನುತ್ತದೆ. ಕೇಳಿಸಬೇಕಾದರೆ ಸುತ್ತ ನಿಂತ ಐವರೂ ಅಷ್ಟು ಹೊತ್ತು ಒಟ್ಟಿಗೆ ಬಾಯಿ ಮುಚ್ಚಿರಬೇಕು.