ಎರಡನೇ ಕೆನ್ನೆಯ ದಲ್ಲಾಳಿಗಳು

ರಟ್ಟೀಹಳ್ಳಿ ತಾಲ್ಲೂಕಿನಲ್ಲಿ ಬೈಬಲ್ ಇರುವ ಮನೆಗಳನ್ನು ಹುಡುಕಿಕೊಂಡು ಹೋಗಬೇಕು. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲೇ ಕ್ರೈಸ್ತರು ನೂರಕ್ಕೆ ಇಬ್ಬರಿಲ್ಲ. ಹಾವೇರಿ ಜಿಲ್ಲೆಯಲ್ಲಂತೂ ಆ ಲೆಕ್ಕವೂ ಕೂಡಿ ಬರುವುದಿಲ್ಲ. ಆದರೂ ಆ ಪುಸ್ತಕದ ಒಂದೇ ಒಂದು ಮಾತು ಕದಂಬೇಶ್ವರ ಗುಡಿಯ ಕಟ್ಟೆಯಿಂದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರೆಗೆ ಎಲ್ಲರಿಗೂ ಬಾಯಿಪಾಠ. ಅದೇ, ಕೆನ್ನೆಯ ಮಾತು. ಒಂದಕ್ಕೆ ಬಿದ್ದರೆ ಇನ್ನೊಂದನ್ನು ತೋರಿಸಬೇಕೆನ್ನುವುದು. ಇಷ್ಟು ಜನಪ್ರಿಯವಾದ ಈ ಉಪದೇಶವನ್ನು ತನ್ನ ಸ್ವಂತ ಕೆನ್ನೆಯ ಬಗ್ಗೆ ಹೇಳಿಕೊಂಡ ಒಬ್ಬನನ್ನೂ ನಾನು ಕಂಡಿಲ್ಲ. ಹೇಳುವುದೆಲ್ಲ ಪಕ್ಕದವರ ಕೆನ್ನೆಯ ಬಗ್ಗೆಯೇ.

ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದಲ್ಲಾಳಿಯನ್ನು ನೋಡಿ. ಮಾಲು ಒಬ್ಬರದು, ರೊಕ್ಕ ಇನ್ನೊಬ್ಬರದು, ನಡುವೆ ನಿಂತವನಿಗೆ ಕಮಿಷನ್ನು. ಇಲ್ಲೂ ಹಾಗೆಯೇ. ಕೆನ್ನೆ ಒಬ್ಬರದು, ಕೈ ಇನ್ನೊಬ್ಬರದು, ನಡುವೆ ನಿಂತ ಹಿರಿಯರಿಗೆ ಶಾಂತಿಪ್ರಿಯರೆಂಬ ಹೆಸರು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಕುಮುದ್ವತಿಯ ದಂಡೆಗೆ ಎರಡು ಎಕರೆ ಗೋವಿನಜೋಳದ ಹೊಲ ಇರುವ ಒಬ್ಬ ನಿವೃತ್ತ ಶಿಕ್ಷಕಿ, ಊರಿಗೆಲ್ಲ ಅಕ್ಕೋರು. ಕ್ರೈಸ್ತರು. ಪಕ್ಕದ ಹೊಲದವನು ವರ್ಷವರ್ಷ ಮುಂಗಾರಿನಲ್ಲಿ ಟ್ರ್ಯಾಕ್ಟರ್ ತಿರುಗಿಸುವಾಗ ಬದುವಿನ ಮೇಲೆ ಒಂದು ಗೇಣು ರೆಂಟೆ ಹಾಯಿಸುತ್ತಾನೆ. ಬದು ಅಂದರೆ ನಮ್ಮ ಕಡೆ ಬರೀ ಮಣ್ಣಿನ ದಿಬ್ಬವಲ್ಲ. ಅಣ್ಣತಮ್ಮಂದಿರು ಅದರ ಸಲುವಾಗಿ ಮೂರು ತಲೆಮಾರು ಮಾತು ಬಿಟ್ಟಿರುತ್ತಾರೆ, ಮದುವೆ ಮುರಿದಿರುತ್ತಾರೆ, ಹಾವೇರಿ ಕೋರ್ಟಿನ ವಕೀಲರ ಮಕ್ಕಳನ್ನು ಓದಿಸಿರುತ್ತಾರೆ. ಅಂಥ ಊರಿನಲ್ಲಿ ಅಕ್ಕೋರು ಒಮ್ಮೆ ಬಾಯಿಬಿಟ್ಟರೆ ಸಾಕು, ಕಟ್ಟೆಯ ಮೇಲಿನ ಹಿರಿಯರು ಧರ್ಮಶಾಸ್ತ್ರಿಗಳಾಗಿ ಏಳುತ್ತಾರೆ.

“ಅಕ್ಕೋರ, ನೀವು ಯೇಸುಸ್ವಾಮಿ ಮಂದಿ. ದೊಡ್ಡ ಮನಸ್ಸು ಮಾಡ್ರಿ. ಒಂದ್ ಗೇಣು ಹೋದ್ರ ಏನ್ ಹೋತು? ಹೊಟ್ಟ್ಯಾಗ ಹಾಕ್ಕೊಂಡು ಬಿಡ್ರಿ.”

“ಹೊಟ್ಟ್ಯಾಗ ಹಾಕ್ಕೊಳ್ಳಾಕ ಅದೇನ್ ರೊಟ್ಟಿ ಏನ್ರೀ? ಹೊಲ ಐತಿ. ಅವಗ ಯಾಕ ಹೇಳೂದಿಲ್ಲ ನೀವು?”

“ಅವ ಸಿಟ್ಟಿನ ಮನಿಶ್ಯಾ. ಅವಗ ಹೇಳಿದ್ರ ತಿಳಿಯಂಗಿಲ್ಲ. ನೀವು ತಿಳದವರು.”

ಈ ಕೊನೆಯ ಮಾತಿನಲ್ಲಿ ನಮ್ಮ ಸಾರ್ವಜನಿಕ ನ್ಯಾಯಪದ್ಧತಿಯೆಲ್ಲ ಅಡಗಿದೆ. ಹೇಳಿದರೆ ಕೇಳುವವರಿಗೇ ಹೇಳಬೇಕು. ಸಿಟ್ಟಿನ ಮನುಷ್ಯನ ಸಿಟ್ಟನ್ನು ಊರು ಅವನ ಉತಾರದ ಹಕ್ಕಿನ ಕಾಲಮ್ಮಿನಲ್ಲೇ ಬರೆದುಕೊಟ್ಟಿದೆ; ಅಕ್ಕೋರ ತಿಳಿವಳಿಕೆಯನ್ನು ಋಣದ ಕಾಲಮ್ಮಿನಲ್ಲಿ. ಒಬ್ಬನು ಒರಟನಾದಷ್ಟೂ ಅವನಿಗೆ ರಿಯಾಯಿತಿ, ಇನ್ನೊಬ್ಬರು ಸೌಮ್ಯರಾದಷ್ಟೂ ಅವರ ಮೇಲೆ ವಸೂಲಿ.

ಅಕ್ಕೋರು ಸಂಜೆ ಪ್ರಾರ್ಥನೆಯಲ್ಲಿ ಆ ಮನುಷ್ಯನ ಹೆಸರನ್ನೂ ಸೇರಿಸಿಕೊಂಡು, ಮರುದಿನ ತಾಲ್ಲೂಕು ಕಚೇರಿಗೆ ಹೋಗಿ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಬಂದರು. 2018ರ ಮುಂಚೆಯಾದರೆ ಇದಕ್ಕೆ ಹಿರೇಕೆರೂರಿನ ಬಸ್ಸು ಹತ್ತಬೇಕಿತ್ತು. ಈಗ ರಟ್ಟೀಹಳ್ಳಿಯೇ ತಾಲ್ಲೂಕು, ಅಷ್ಟರಮಟ್ಟಿಗೆ ನ್ಯಾಯ ಹತ್ತಿರ ಬಂದಿದೆ. ಕಟ್ಟೆಗೆ ಸುದ್ದಿ ಮುಟ್ಟಿತು. “ಏನ್ ಅಕ್ಕೋರ, ಕ್ಷಮಾ ಮಾಡೇನಿ ಅಂದಿದ್ರಿ?” ಅಕ್ಕೋರು ಅಂದರು: “ಕ್ಷಮಾ ಕೊಟ್ಟೀನ್ರಿ. ಬದು ಕೊಟ್ಟಿಲ್ಲ.”

ಅಂದಿನಿಂದ ಊರಿನವರ ಪ್ರಕಾರ ಆಕೆ ನಿಜವಾದ ಕ್ರೈಸ್ತಳಲ್ಲ.

ಬೈಬಲ್ ಮುಟ್ಟಿಯೂ ನೋಡದ ಈ ಪಂಡಿತರಿಗಾಗಿ ಎರಡು ಮಾತು. ಆ ಉಪದೇಶ ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿದೆ. ಗುಡ್ಡದ ಮೇಲೆ ಕುಳಿತು ಕೇಳಿದವರು ರೋಮನ್ ದೊರೆತನದ ಕೆಳಗೆ ಬದುಕುತ್ತಿದ್ದ ಮೀನುಗಾರರು, ಕೂಲಿಯವರು, ಸಾಲಗಾರರು. ದಾರಿಯಲ್ಲಿ ಹೋಗುತ್ತಿದ್ದ ಬಡವನನ್ನು ಹಿಡಿದು ರೋಮನ್ ಸಿಪಾಯಿ ತನ್ನ ಗಂಟುಮೂಟೆ ಹೊರಿಸಬಹುದಾಗಿದ್ದ ಕಾಲ. ನಮ್ಮ ಅಜ್ಜಂದಿರು ಇದನ್ನೇ ಬಿಟ್ಟಿ ಅನ್ನುತ್ತಿದ್ದರು. ಅಂಥವರಿಗೆ, ಸಿಟ್ಟು ನಿಮ್ಮನ್ನು ತಿಂದುಹಾಕದಿರಲಿ ಎಂದು ಹೇಳಿದ ಮಾತು ಅದು. ಸಿಪಾಯಿಗೆ ಕೊಟ್ಟ ಪರವಾನಗಿಯಲ್ಲ. ಅದರಲ್ಲೂ ಗ್ರಂಥದಲ್ಲಿ ಇರುವುದು ಬರೀ ಕೆನ್ನೆಯಲ್ಲ, ಬಲಗೆನ್ನೆ. ಎದುರಿಗೆ ನಿಂತವನು ಬಲಗೈಯಿಂದ ಬಲಗೆನ್ನೆಗೆ ಹೊಡೆಯಬೇಕಾದರೆ ಅಂಗೈಯ ಹಿಂಬದಿಯಿಂದಲೇ ಹೊಡೆಯಬೇಕು, ಯಜಮಾನ ಆಳಿಗೆ ಹೊಡೆಯುವಂತೆ. ಎಡಗೆನ್ನೆ ಒಡ್ಡಿದರೆ ಆ ಅವಮಾನದ ಏಟಿಗೆ ಜಾಗವಿಲ್ಲ; ಹೊಡೆಯಲೇಬೇಕೆಂದರೆ ಸರೀಕನಿಗೆ ಹೊಡೆದಂತೆ ಹೊಡೆಯಬೇಕು. ಅಮೆರಿಕದ ವಾಲ್ಟರ್ ವಿಂಕ್ ಎಂಬ ವಿದ್ವಾಂಸ ಹೀಗೆ ಓದಿದ್ದಾನೆ. ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಕಟ್ಟೆಯ ಓದಿಗಿಂತ ವಾಸಿ.

ಅದೂ ಬೇಡ, ಹೇಳಿದವನು ಸ್ವತಃ ಏನು ಮಾಡಿದ ನೋಡೋಣ. ಮಹಾಯಾಜಕನ ಎದುರು ವಿಚಾರಣೆ ನಡೆಯುವಾಗ ಒಬ್ಬ ಕಾವಲುಗಾರ ಯೇಸುವಿಗೆ ಹೊಡೆಯುತ್ತಾನೆ. ಯೇಸು ತಿರುಗಿ ಹೊಡೆಯಲಿಲ್ಲ. ಇನ್ನೊಂದು ಕೆನ್ನೆಯನ್ನೂ ತೋರಿಸಲಿಲ್ಲ. ತಾನು ಆಡಿದ್ದರಲ್ಲಿ ತಪ್ಪಿದ್ದರೆ ಸಾಕ್ಷಿ ಕೊಡು, ಇಲ್ಲದಿದ್ದರೆ ಹೊಡೆದದ್ದು ಯಾಕೆಂದು ಹೇಳು ಎಂದು ಕೇಳಿದ. ಯೋಹಾನನ ಸುವಾರ್ತೆ, ಹದಿನೆಂಟನೇ ಅಧ್ಯಾಯ. ಇಂದಿನ ದಿನ ಯಾವುದೇ ಠಾಣೆಯ ಬೆಂಚಿನ ಮೇಲೆ ಕುಳಿತು ಇದೇ ಪ್ರಶ್ನೆ ಕೇಳಿದರೆ “ಭಾಳ ಮಾತಾಡ್ತಿ” ಎನ್ನುವ ಉತ್ತರ ಸಿಗುತ್ತದೆ.

ಯೇಸುವಿನ ಅನುಯಾಯಿ ಪೌಲನದು ಇನ್ನೂ ಸೊಗಸು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಛಡಿಯೇಟು ಕೊಟ್ಟು ಸೆರೆಗೆ ಹಾಕಿದರು. ಬೆಳಗಾದ ಮೇಲೆ ಅಧಿಕಾರಿಗಳು ಸದ್ದಿಲ್ಲದೆ ಊರು ಬಿಟ್ಟು ಹೋಗೆಂದು ಹೇಳಿ ಕಳಿಸಿದರು. ಪೌಲ ಜಾಗ ಬಿಟ್ಟು ಅಲುಗಲಿಲ್ಲ: ಹೊಡೆದದ್ದು ಬೀದಿಯಲ್ಲಿ, ಬಿಡುವುದು ಗುಟ್ಟಿನಲ್ಲೇ? ಅವರೇ ಬಂದು ಕರಕೊಂಡು ಹೋಗಲಿ ಎಂದ. ಬಂದರು. ಆತ ಸೇಡು ಕೇಳಲಿಲ್ಲ, ಪರಿಹಾರವನ್ನೂ ಕೇಳಲಿಲ್ಲ. ಆದರೆ ತಪ್ಪು ಯಾರದೆಂಬುದನ್ನು ಊರ ಮುಂದೆ ದಾಖಲು ಮಾಡಿಸಿದ. ಎಪ್ಪತ್ತೇಳು ಸಲ ಕ್ಷಮಿಸಬೇಕೆಂದು ಯೇಸು ಹೇಳಿದ, ಕೆಲವರು ಎಪ್ಪತ್ತರ ಏಳರಷ್ಟು ಎಂದು ಓದುವ, ಆ ಪ್ರಸಿದ್ಧ ಮಾತಿಗೆ ಮುಂಚೆ, ಅದೇ ಅಧ್ಯಾಯದಲ್ಲಿ, ತಪ್ಪು ಮಾಡಿದವನನ್ನು ಮೊದಲು ಒಂಟಿಯಾಗಿ ಕೇಳಬೇಕು, ಕೇಳದಿದ್ದರೆ ಒಬ್ಬಿಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋಗಬೇಕು, ಆಮೇಲೆ ಸಭೆಗೆ ಒಪ್ಪಿಸಬೇಕು ಎಂದು ಇದೆ. ನೋಟಿಸು, ಪಂಚರು, ಸಭೆ. ರಟ್ಟೀಹಳ್ಳಿಗೆ ಚೆನ್ನಾಗಿ ಅರ್ಥವಾಗಬೇಕಾದ ಕ್ರಮ. ದಲ್ಲಾಳಿಗಳು ಆ ಪುಟ ಹಾರಿಸಿ ನೇರ ಎಪ್ಪತ್ತಕ್ಕೆ ಬರುತ್ತಾರೆ.

ಕಟ್ಟೆಯದಾಯಿತು, ಸರ್ಕಾರದ್ದೇನು? ಸಂಯಮದ ಪ್ರಚಾರದಲ್ಲಿ ಸರ್ಕಾರ ಯಾವ ಪಾದ್ರಿಗೂ ಕಡಿಮೆಯಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಬಿತ್ತನೆಯ ಹೊತ್ತಿಗೆ ಗೊಬ್ಬರ ಕೇಳಿದ ರೈತರಿಗೆ ಗೋಲಿಬಾರಿನಲ್ಲಿ ಸಂಯಮ ಕಲಿಸಲಾಯಿತು. ಇಬ್ಬರು ಪ್ರಾಣ ಕಳೆದುಕೊಂಡರು. ಮೂರು ತಿಂಗಳಿಗೆ, ಸೆಪ್ಟೆಂಬರ್ 14ರ ಭಾನುವಾರ, ಮಂಗಳೂರಿನಲ್ಲಿ ಮಿಲಾಗ್ರಿಸ್ ಚರ್ಚಿನ ಹತ್ತಿರದ ಆರಾಧನಾ ಮಠಕ್ಕೆ ದಾಳಿಕೋರರು ನುಗ್ಗಿ ಒಡೆದರು. ಬೇರೆ ಜಿಲ್ಲೆಗಳ ಪ್ರಾರ್ಥನಾ ಮಂದಿರಗಳಿಗೂ ನುಗ್ಗಿದರು. ಪ್ರತಿಭಟಿಸಲು ಬೀದಿಗೆ ಬಂದ ಕ್ರೈಸ್ತರ ಮೇಲೆ ಪೊಲೀಸರು ಲಾಠಿ ಬೀಸಿದರು. ಎರಡನೇ ಕೆನ್ನೆ ತೋರಿಸದವರಿಗೆ ಬೆನ್ನಿನ ಮೇಲೆ ಎಂಬುದು ಅಂದಿನ ಸರ್ಕಾರಿ ವ್ಯಾಖ್ಯಾನ. ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ಕೂತಿತು, 2011ರ ಜನವರಿಯಲ್ಲಿ ವರದಿ ಕೊಟ್ಟಿತು. ವರದಿಗಳು ಈ ನಾಡಿನ ಅತ್ಯಂತ ಸಂಯಮಿ ಜೀವಿಗಳು. ಎಷ್ಟು ವರ್ಷವಾದರೂ ಕಪಾಟಿನಲ್ಲಿ ತುಟಿ ಬಿಚ್ಚುವುದಿಲ್ಲ.

2021ರ ಚಳಿಗಾಲಕ್ಕೆ ಬನ್ನಿ. ಅಧಿವೇಶನ ಮುಗಿಯುವ ತನಕ ಪ್ರಾರ್ಥನಾ ಸಭೆ ಬೇಡವೆಂದು ಬೆಳಗಾವಿಯಲ್ಲಿ ಪಾಸ್ಟರುಗಳಿಗೆ ಪೊಲೀಸರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ತೊಂದರೆ ಮಾಡುವವರಿಗೆ ತೊಂದರೆ ಮಾಡಬೇಡಿ ಎನ್ನುವುದಕ್ಕಿಂತ, ತೊಂದರೆಗೆ ಒಳಗಾಗುವವರಿಗೆ ಒಳಗಾಗಬೇಡಿ ಎನ್ನುವುದು ಇಲಾಖೆಗೆ ಸುಲಭ. ಅದೇ ಅಧಿವೇಶನದಲ್ಲಿ, ಡಿಸೆಂಬರ್ 23ರಂದು, ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. 2022ರಲ್ಲಿ ಕಾಯ್ದೆಯಾದ ಅದರ ಪ್ರಕಾರ ಧರ್ಮ ಬದಲಿಸುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ನಮೂನೆ ತುಂಬಿ ಕೊಡಬೇಕು. ಮನಸ್ಸಿನಲ್ಲಿ ದೇವರು ಹುಟ್ಟುವುದಕ್ಕೆ ಮುಂಗಡ ನೋಟಿಸು ಬೇಕು. ಮನೆಗೆ ಗುಂಪು ನುಗ್ಗುವುದಕ್ಕೆ ಬೇಡ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ರದ್ದು ಮಾಡುವ ತೀರ್ಮಾನವನ್ನೇನೋ ಪ್ರಕಟಿಸಿತು.

ಹೊಡೆದವನಿಗೆ ಯಾರೂ ಏನೂ ಹೇಳುವುದಿಲ್ಲ ಎಂಬಂತೆ ಬರೆದೆ. ಸ್ವಲ್ಪ ತಿದ್ದಬೇಕು. ಕೆಲವೊಮ್ಮೆ ಹೊಡೆದವನ ಪರವಾಗಿ ಹೇಳುವವರೂ ಸಿಗುತ್ತಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್‌ರನ್ನು, ಹತ್ತು ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳ ಜೊತೆ, ಮಲಗಿದ್ದ ಗಾಡಿಯಲ್ಲೇ ಸುಟ್ಟರು. ಹನ್ನೆರಡು ವರ್ಷಗಳ ನಂತರ, ಸೋಮಶೇಖರ ವರದಿ ಬಂದ ತಿಂಗಳಲ್ಲೇ, ಸುಪ್ರೀಂ ಕೋರ್ಟು ಅಪರಾಧಿಯ ಜೀವಾವಧಿ ಶಿಕ್ಷೆ ಎತ್ತಿಹಿಡಿಯುತ್ತ, ಸ್ಟೇನ್ಸ್‌ಗೆ ಮತಾಂತರದ ವಿಷಯದಲ್ಲಿ ಪಾಠ ಕಲಿಸುವ ಉದ್ದೇಶವಿತ್ತೆಂಬರ್ಥದ ಸಾಲು ಬರೆಯಿತು. ಗದ್ದಲವಾದ ಮೇಲೆ ನಾಲ್ಕೇ ದಿನದಲ್ಲಿ ಅದನ್ನು ಕಡತದಿಂದ ತೆಗೆದರು. ವಿಧವೆ ಗ್ಲಾಡಿಸ್ ಸ್ಟೇನ್ಸ್ ಮಾತ್ರ ಮೊದಲೇ ಕ್ಷಮಿಸಿದ್ದರು. 2004ರ ತನಕ ಬಾರಿಪದಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮಾಡಿದರು. ಆದರೆ ಕ್ಷಮೆ ಬೇರೆ, ಅಪರಾಧದ ಫಲ ಬೇರೆ ಎಂಬ ಮಾತನ್ನೂ ಆಕೆ ಆಡಿದ್ದರು. ನಮ್ಮ ದಲ್ಲಾಳಿಗಳ ಭಾಷಣದಲ್ಲಿ ಗ್ಲಾಡಿಸ್ ಬರುತ್ತಾರೆ, ಅವರ ಮಾತಿನ ಉತ್ತರಾರ್ಧ ಬರುವುದಿಲ್ಲ.

ಇಷ್ಟು ಹೇಳಿ ಕ್ರೈಸ್ತರ ಹಿರಿಯರನ್ನು ಸುಮ್ಮನೆ ಬಿಟ್ಟರೆ ಪಕ್ಷಪಾತವಾದೀತು. ಎರಡನೇ ಕೆನ್ನೆಯ ಸಗಟು ವ್ಯಾಪಾರ ಅವರ ಮನೆಯೊಳಗೂ ಉಂಟು. ಗಂಡ ಹೊಡೆದನೆಂದು ಬಂದ ಹೆಣ್ಣುಮಗಳಿಗೆ ಪ್ರಾರ್ಥನೆ ಮಾಡಮ್ಮ, ಶಿಲುಬೆ ಹೊರಬೇಕಮ್ಮ ಎಂದು ಮನೆಗೆ ಕಳಿಸಿದ ಉಪದೇಶಗಳನ್ನು ಒಟ್ಟು ಮಾಡಿದರೆ ಮದಗದ ಕೆರೆ ತುಂಬೀತು. ಕಾನೂನೂ ಅದಕ್ಕೆ ಜೊತೆಗೂಡಿತ್ತು. 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕು. ಹೆಂಡತಿಗಾದರೆ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕು. ಬರೀ ಹೊಡೆತ ಲೆಕ್ಕಕ್ಕಿಲ್ಲ. ಇದು ತಿದ್ದುಪಡಿಯಾದದ್ದು 2001ರಲ್ಲಿ. ಬ್ರಿಟಿಷರು ಹೋದರು, ಸಂವಿಧಾನ ಬಂತು, 132 ವರ್ಷ ಆಕೆ ಸಂಯಮದಲ್ಲೇ ಇದ್ದಳು. ಅದೇ ಹಿರಿಯರು ಸಭೆಯ ಆಸ್ತಿ, ಚುನಾವಣೆ, ಕುರ್ಚಿಯ ಮಾತು ಬಂದರೆ ಎರಡೂ ಕೆನ್ನೆ ಮುಚ್ಚಿಕೊಂಡು ವಕಾಲತ್ತಿಗೆ ಸಹಿ ಹಾಕುತ್ತಾರೆ. ದಕ್ಷಿಣ ಭಾರತ ಸಭೆಯ ತಕರಾರು ಎಲ್ಲಿಗೆ ಮುಟ್ಟಿತೆಂದರೆ, 2024ರಲ್ಲಿ ಮದ್ರಾಸ್ ಹೈಕೋರ್ಟು ಅದರ ಆಡಳಿತಕ್ಕೆ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ಸಹೋದರರ ವ್ಯಾಜ್ಯ ಹೊರಗಿನ ಕೋರ್ಟಿಗೆ ಒಯ್ಯಬೇಡಿರೆಂದು ಕೊರಿಂಥದವರಿಗೆ ಪೌಲ ಬರೆದ ಪತ್ರ ಅವರಿಗೆ ತಲುಪಿದಂತಿಲ್ಲ. ಅಂಚೆಯ ತಪ್ಪಿರಬೇಕು.

ಸಂಯಮ ಹೇಡಿತನವೆಂದು ನಾನು ಹೇಳುತ್ತಿಲ್ಲ. ಈ ಜಿಲ್ಲೆಯಲ್ಲಿ ಹಾಗೆ ಹೇಳಲು ಬರುವುದೂ ಇಲ್ಲ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧಿಯ ಜೊತೆ ದಂಡಿಗೆ ನಡೆದವರು. ಆ ಗಾಂಧಿ ಲಂಡನ್ನಿನಲ್ಲಿ ಓದುವಾಗಲೇ ಗುಡ್ಡದ ಮೇಲಿನ ಉಪದೇಶಕ್ಕೆ ಮನಸೋತವರು. ಆದರೂ ನಡಿಗೆಗೆ ಮುಂಚೆ, ಮಾರ್ಚ್ 2ರಂದು, ಆಗುತ್ತಿರುವ ಅನ್ಯಾಯವನ್ನೆಲ್ಲ ಲೆಕ್ಕ ಸಮೇತ ವೈಸ್‌ರಾಯ್‌ಗೆ ಬರೆದು ಕೇಳಿದ್ದರು. ಕೈ ಕಟ್ಟಿದ್ದರು, ಬಾಯಿ ಕಟ್ಟಿರಲಿಲ್ಲ. ದಂಡಿಗೆ ನಡೆದ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರ್ಕಾರಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ ಪೊಲೀಸರ ಗುಂಡಿಗೆ ಬಿದ್ದರು. ಯಾವಾಗ ತಡೆದುಕೊಳ್ಳಬೇಕು, ಎಷ್ಟರ ತನಕ ಎಂಬುದನ್ನು ಅವರೇ ತೀರ್ಮಾನಿಸಿದರು, ಅದರ ಬೆಲೆಯನ್ನೂ ಅವರೇ ಕೊಟ್ಟರು. ಕಟ್ಟೆಯನ್ನು ಕೇಳಲಿಲ್ಲ.

ಧರ್ಮದ ಜಗಳವೂ ನಮ್ಮ ಸೀಮೆಗೆ ಹೊಸದಲ್ಲ. ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಸೋಮೇಶ್ವರ ಗುಡಿಯ ಶಾಸನದ ಪ್ರಕಾರ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ತನ್ನ ತಲೆಯನ್ನು ತಾನೇ ಅರಿದುಕೊಂಡು ಮರಳಿ ಪಡೆದನಂತೆ; ಎದುರಾಳಿಗಳು ಮಾತಿಗೆ ತಪ್ಪಿದಾಗ ಜಿನಬಿಂಬ ಒಡೆದನಂತೆ; ಬಿಜ್ಜಳ ರಾಜ ಅವನಿಗೆ ಜಯಪತ್ರ ಕೊಟ್ಟನಂತೆ. ಅದನ್ನು ಸಂಯಮವೆಂದು ಯಾರೂ ಕರೆಯಲಾರರು, ಒಡೆಸಿಕೊಂಡವರಂತೂ ಕರೆಯಲಿಕ್ಕಿಲ್ಲ. ಆದರೆ ಅಲ್ಲಿ ಒಂದು ಶಿಸ್ತಿತ್ತು. ಮೊದಲು ಪಣಕ್ಕಿಟ್ಟದ್ದು ಸ್ವಂತ ತಲೆ.

ಆದ್ದರಿಂದ ಸರ್ಕಾರಕ್ಕೆ ನನ್ನದೊಂದು ಸಲಹೆ. ನಮೂನೆ ಅಚ್ಚು ಹಾಕಿಸುವ ಅಭ್ಯಾಸ ಹೇಗೂ ಇದೆ. ಪರರ ಕೆನ್ನೆ ತೋರಿಸಲು ಶಿಫಾರಸು ಮಾಡುವವರಿಗಾಗಿ ಇನ್ನೊಂದು ನಮೂನೆ ತರಲಿ. ಉಪದೇಶ ಕೊಡುವ 30 ದಿನ ಮುಂಚೆ ರಟ್ಟೀಹಳ್ಳಿ ತಹಶೀಲ್ದಾರರಿಗೆ ಸಲ್ಲಿಸಬೇಕು. ಅರ್ಜಿದಾರನು ಈ ಹಿಂದೆ ಯಾರ ಯಾರ ಏಟಿಗೆ ಸುಮ್ಮನಿದ್ದನೆಂಬ ವಿವರ, ತನ್ನ ಹೊಲದ ಬದು ಒತ್ತಿದವನಿಗೆ ಎಷ್ಟು ಗೇಣು ಬಿಟ್ಟುಕೊಟ್ಟನೆಂಬುದಕ್ಕೆ ಸರ್ವೆ ನಕ್ಷೆ, ಹೊಡೆದವನಿಗೂ ಇದೇ ಉಪದೇಶ ಮಾಡಿದ್ದಕ್ಕೆ ಇಬ್ಬರು ಪಂಚರ ಸಹಿ ಬೇಕು. ಜೊತೆಗೆ ಅರ್ಜಿದಾರನ ಎಡಗೆನ್ನೆಯ ಇತ್ತೀಚಿನ ಭಾವಚಿತ್ರ ಎರಡು ಪ್ರತಿ, ಗೆಜೆಟೆಡ್ ಅಧಿಕಾರಿಯ ದೃಢೀಕರಣದೊಂದಿಗೆ. ಊದಿರುವುದು ಸ್ಪಷ್ಟವಾಗಿ ಕಾಣುವಂತಿರಬೇಕು.