ಥಿನ್ ಕ್ಲೈಂಟ್ ವ್ಯಾಕರಣ: ಉಪಕರಣ ಪ್ರಕರಣ

ಥಿನ್ ಕ್ಲೈಂಟ್ ಎಂದರೆ ಸ್ವಂತ ಬುದ್ಧಿ ಕಡಿಮೆಯಿದ್ದು, ಮೈತುಂಬ ತೂತುಗಳಿರುವ ಪೆಟ್ಟಿಗೆ. ಬುದ್ಧಿಯೆಲ್ಲ ದೂರದ ಸರ್ವರಿನಲ್ಲಿ. ಪ್ರಿಂಟರ್, ಸ್ಕ್ಯಾನರ್, ಪೆನ್‌ಡ್ರೈವ್‌ಗಳು ಮಾತ್ರ ಕೌಂಟರಿನ ಮೇಲೆ. ಅವು ತನ್ನ ಮಗ್ಗುಲಲ್ಲೇ ಇವೆಯೆಂದು ಸರ್ವರಿಗೆ ನಂಬಿಸುವ ವಿದ್ಯೆಯೇ ರೀಡೈರೆಕ್ಷನ್. ಉಪಕರಣಗಳನ್ನು ಬೆಲೆಯಿಂದಲೋ ಕಂಪನಿಯಿಂದಲೋ ವಿಂಗಡಿಸುವುದು ಪಾಮರರ ಪದ್ಧತಿ. ಡ್ರೈವರ್ ಎಲ್ಲಿ ಕೂತಿದೆ ಎಂಬುದೊಂದೇ ನಮಗೆ ಪ್ರಮಾಣ. ಹಾಗೆ ನೋಡಿದರೆ ಇವು ದೇಶ್ಯ, ತದ್ಭವ, ತತ್ಸಮ ಎಂದು ಮೂರು ಬಗೆ.

ಕೀಬೋರ್ಡ್, ಮೌಸ್ ದೇಶ್ಯ. ಇವು ಮನೆ ಬಿಟ್ಟು ಕದಲುವುದಿಲ್ಲ. ಒತ್ತಿದ ಕೀಲಿಯ ಸುದ್ದಿಯಷ್ಟೇ ಹೋಗುತ್ತದೆ. ಅಂಗಡಿಯ ಬಾರ್‌ಕೋಡ್ ಸ್ಕ್ಯಾನರ್ ಸಾಮಾನ್ಯವಾಗಿ ಕೀಬೋರ್ಡಿನ ವೇಷದಲ್ಲೇ ಇರುವುದರಿಂದ ಅದೂ ಇಲ್ಲಿಗೇ ಸೇರುತ್ತದೆ. ಜಗಳವಿಲ್ಲದ ಜಾತಿ, ಮುಂದೆ ಹೋಗೋಣ.

ತದ್ಭವದಲ್ಲಿ ಡ್ರೈವರ್ ಇಲ್ಲಿರುತ್ತದೆ, ಅತ್ತಿತ್ತ ಓಡಾಡುವುದು ಅರ್ಥ ಮಾತ್ರ. ವಿಂಡೋಸ್ 2000ದ ಹೊತ್ತಿಗೆ ಪ್ರಿಂಟರ್ ಈ ಭಾಗ್ಯ ಪಡೆಯಿತು. 2001ರ ಎಕ್ಸ್‌ಪಿಯೊಂದಿಗೆ ಡಿಸ್ಕ್, ಧ್ವನಿ, ಸೀರಿಯಲ್ ಪೋರ್ಟ್‌ಗಳೂ ಸೇರಿದವು. ಈ ವರ್ಗದ ಕಣ್ಣೀರೆಲ್ಲ ಪ್ರಿಂಟರಿನದು. ಮೊದಲು ಅದೇ ಹೆಸರಿನ ಡ್ರೈವರ್ ಸರ್ವರಿನಲ್ಲೂ ಇರಬೇಕಿತ್ತು. ಹಾಗೆ ತುಂಬಿಸಿದ ಹತ್ತಾರು ಡ್ರೈವರ್‌ಗಳಲ್ಲಿ ಒಂದು ಕೆಟ್ಟರೂ ಸ್ಪೂಲರ್ ಬಿದ್ದು ಇಡೀ ಆಫೀಸಿನ ಪ್ರಿಂಟ್ ನಿಲ್ಲುತ್ತಿತ್ತು. ವಿಂಡೋಸ್ ಸರ್ವರ್ 2008ರ ಈಜಿ ಪ್ರಿಂಟ್ ಎಲ್ಲಕ್ಕೂ ಒಂದೇ ಡ್ರೈವರ್ ಇಟ್ಟು, ಪುಟವನ್ನು ಎಕ್ಸ್‌ಪಿಎಸ್ ರೂಪಕ್ಕೆ ತಂದು ಕಳಿಸಿತು. ಪಂಡಿತರು ಚಪ್ಪಾಳೆ ತಟ್ಟಿದರು. ಡಾಟ್ ಮ್ಯಾಟ್ರಿಕ್ಸ್ ತಟ್ಟಲಿಲ್ಲ. ನೇರ ಅಕ್ಷರ ಬಂದರೆ ಕ್ಷಣದಲ್ಲಿ ಬಿಲ್ ಹೊಡೆಯುವ ಆ ಯಂತ್ರ, ಪುಟವೇ ಚಿತ್ರವಾಗಿ ಬಂದಾಗ ಸಾಲು ಸಾಲಿಗೂ ನರಳುತ್ತದೆ. ಇನ್ನೊಂದು ಉಪದ್ರವ: ಸರ್ವರ್ ಪ್ರಿಂಟರಿನ ಹೆಸರಿಗೆ ಸೆಷನ್ ಸಂಖ್ಯೆಯ ಬಾಲ ಅಂಟಿಸುತ್ತದೆ. ನಿನ್ನೆಯ ಹೆಸರನ್ನು ಬಾಯಿಪಾಠ ಮಾಡಿಟ್ಟುಕೊಂಡ ಬಿಲ್ಲಿಂಗ್ ತಂತ್ರಾಂಶಕ್ಕೆ, ಸಂಖ್ಯೆ ಬದಲಾದ ದಿನ ಅದೇ ಪ್ರಿಂಟರಿನ ಗುರುತು ಹತ್ತುವುದಿಲ್ಲ.

ತತ್ಸಮದಲ್ಲಿ ಯುಎಸ್‌ಬಿ ಸಂಕೇತ ಇದ್ದಂತೆಯೇ ಸರ್ವರಿಗೆ ಹೋಗುತ್ತದೆ, ಡ್ರೈವರ್ ಅಲ್ಲೇ. ಯಾವ ಸಿದ್ಧ ವರ್ಗಕ್ಕೂ ಒಗ್ಗದ ವಿಚಿತ್ರ ಸಾಧನಗಳಿಗೆ ಇದೇ ಗತಿ. ಆದರೆ ಯುಎಸ್‌ಬಿ ಹುಟ್ಟಿದ್ದು ಮೇಜಿನ ಮೇಲಿನ ಕೆಲವೇ ಮೀಟರ್ ಕೇಬಲ್ಲಿಗೆ. ಕ್ಷಣ ತಪ್ಪದೆ ಚಿತ್ರ ಸುರಿಯುವ ವೆಬ್‌ಕ್ಯಾಮ್ ಅನ್ನು ಈ ದಾರಿಯಲ್ಲಿ ಬೇರೆ ಊರಿಗೆ ಕಳಿಸಿದರೆ ಮೀಟಿಂಗಿನಲ್ಲಿ ಸಾಹೇಬರ ಮುಖ ತುಂಡು ತುಂಡಾಗಿ ಬರುತ್ತದೆ.

ಡಿಜಿಟಲ್ ಸಹಿಯ ಟೋಕನ್ ಅರ್ಧತತ್ಸಮ: ಟೋಕನ್ನಿನೊಳಗಿನ ರೀಡರಿನ ಡ್ರೈವರ್ ಇಲ್ಲಿ, ಸಹಿಯ ತಂತ್ರಾಂಶ ಅಲ್ಲಿ. ರಿಮೋಟ್ ಸೆಷನ್ನಿನಲ್ಲಿ ವಿಂಡೋಸ್‌ನ ಕಣ್ಣಿಗೆ ಬೀಳುವುದು ಬಳಕೆದಾರನ ಕಡೆಯ ರೀಡರ್ ಮಾತ್ರ. ಆಫೀಸಿನ ಕಂಪ್ಯೂಟರಿಗೇ ಟೋಕನ್ ಸಿಕ್ಕಿಸಿಟ್ಟು, ಮನೆಯಿಂದ ಲಾಗಿನ್ ಆಗಿ ಜಿಎಸ್‌ಟಿ ರಿಟರ್ನ್‌ಗೆ ಸಹಿ ಹಾಕಹೊರಟ ಲೆಕ್ಕಿಗನಿಗೆ ಟೋಕನ್ನೇ ಇಲ್ಲ ಎಂಬ ಉತ್ತರ ಬರುವುದು ಇದರಿಂದಲೇ.

ಉಳಿದದ್ದು ಅರಿಸಮಾಸ: ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಒಂದೇ ಹೊಟ್ಟೆಯಲ್ಲಿರುವ ಯಂತ್ರ. ಪ್ರಿಂಟ್ ತದ್ಭವವಾಗಿ ಸುಖವಾಗಿತ್ತು. ಸ್ಕ್ಯಾನ್ ಬೇಕೆಂದು ಯಂತ್ರವನ್ನು ತತ್ಸಮ ಮಾಡಿದರೆ ಅದು ಇಡಿಯಾಗಿ ಸರ್ವರ್ ಸೇರಿ, ಇಲ್ಲಿದ್ದ ಪ್ರಿಂಟರ್ ಮಾಯ. ಬಿರುದಾವಳಿಗಳಲ್ಲಿ ಅರಿಸಮಾಸ ಇರಲಿ ಬಿಡಿ ಎಂದು ಕೇಶಿರಾಜ ರಿಯಾಯಿತಿ ಕೊಟ್ಟಿದ್ದ. ಇಲ್ಲಿ ಅದೂ ಇಲ್ಲ. ಸ್ಕ್ಯಾನಿಗೆಂದು ಇನ್ನೊಂದು ಯಂತ್ರ ಕೊಳ್ಳಬೇಕು, ಕೊಟೇಶನ್ ಮೂರು ತರಿಸಬೇಕು.