ಪೋಷಕಲಕ್ಷಣದರ್ಪಣ

ಅಥಾತಃ ಪೋಷಕಜಿಜ್ಞಾಸಾ. ಇನ್ನು ಪೋಷಕರ ವಿಚಾರ.

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಕನ್ನಡದ ಸಂಧಿ, ನಾಮ, ಸಮಾಸ, ಧಾತುಗಳನ್ನೆಲ್ಲ ಸೂತ್ರ, ವೃತ್ತಿ, ಪ್ರಯೋಗ ಎಂದು ಕಟ್ಟು ಹಾಕಿ ವಿಂಗಡಿಸಿಟ್ಟ. ಐದನೇ ಕ್ಲಾಸಿನ ಮಗುವಿರುವ ಮನೆಯ ಅಪ್ಪ ಅಮ್ಮಂದಿರನ್ನು ಮಾತ್ರ ಅವನು ಮುಟ್ಟಲಿಲ್ಲ. ಆ ಕೊರತೆ ತುಂಬಲೆಂದು, ಅವನ ಹಾದಿಯನ್ನೇ ಹಿಡಿದು, ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಪ್ರಯೋಗಗಳನ್ನು ಆರಿಸಿ ಈ ದರ್ಪಣವನ್ನು ರಚಿಸಲಾಗಿದೆ. ಬೇರೆ ಸೀಮೆಯವರು ಇದರಲ್ಲಿ ತಮ್ಮ ಮುಖ ಕಂಡುಕೊಂಡರೆ ಗ್ರಂಥಕರ್ತ ಹೊಣೆಯಲ್ಲ.

ಸೂತ್ರ: ಪರೀಕ್ಷೆ ಬರೆಯದೆಯೂ ಫೇಲಾಗಬಲ್ಲವರು ಪೋಷಕರು.

ವೃತ್ತಿ: ಈ ಸೀಮೆಯಲ್ಲಿ ಪರೀಕ್ಷೆ ಬರೆಯುವುದು ಮಗು, ಕಟ್ಟುವುದು ಅಪ್ಪ. ‘ಈ ಸಲ ನಮ್ಮುಡ್ಗಂಗೆ ನವೋದಯ ಕಟ್ಸಿದೀನಿ ಸಾ’ ಎಂಬುದು ಪ್ರಯೋಗ. ಕಟ್ಟು ಧಾತುವಿಗೆ ನಮ್ಮಲ್ಲಿ ಅರ್ಥ ಬಹಳ. ಮನೆ ಕಟ್ಟುತ್ತಾರೆ, ಎಮ್ಮೆ ಕಟ್ಟುತ್ತಾರೆ, ಚೀಟಿ ಕಟ್ಟುತ್ತಾರೆ, ದೇವರಿಗೆ ಮುಡಿಪು ಕಟ್ಟುತ್ತಾರೆ, ಪರೀಕ್ಷೆ ಕಟ್ಟುತ್ತಾರೆ. ಐದರಲ್ಲೂ ಸಮಾನವಾಗಿರುವುದು ಸಾಲ. ಮುಡಿಪೆಂದರೂ ದೇವರ ಸಾಲವೇ ತಾನೆ. ಇನ್ನು ಫಲಿತಾಂಶ ಬಂದಾಗ ಸರ್ವನಾಮಕ್ಕೆ ಆಗುವ ಆದೇಶವನ್ನು ಗಮನಿಸಬೇಕು. ಪಾಸಾದರೆ ‘ನನ್ನ ಮಗ’. ಆಗದಿದ್ದರೆ, ಅಡುಗೆಮನೆಯ ಕಡೆ ತಿರುಗಿ, ‘ನಿನ್ನ ಮಗ’. ಇದು ನಿತ್ಯ. ವಿಕಲ್ಪವಿಲ್ಲ.

ಪೋಷಕತ್ವ ಇತ್ತೀಚಿನ ರೋಗವೆಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಬಂಡೆ ಶಾಸನವಿದೆ. ಇಸಿಲವೆಂಬ ಊರಿನ ಮಹಾಮಾತ್ರರಿಗೆ ಕಳಿಸಿದ ಸುತ್ತೋಲೆ ಅದು. ಒಂದೇ ಸುತ್ತೋಲೆಯ ಪ್ರತಿ ಪಕ್ಕದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರದ ಬೆಟ್ಟದಲ್ಲೂ ಇದೆ. ಮೂರು ಪ್ರತಿ ತೆಗೆಯುವ ಅಭ್ಯಾಸ ಸರ್ಕಾರಕ್ಕೆ ಅಂದಿನಿಂದಲೂ ಉಂಟು. ಅದರಲ್ಲಿ ಏನು ಹೇಳಿದೆ? ತಾಯಿತಂದೆಯರ ಮಾತು ಕೇಳಬೇಕು, ಶಿಷ್ಯ ಗುರುವಿಗೆ ಗೌರವ ಕೊಡಬೇಕು, ಸಣ್ಣವರಾಗಲಿ ದೊಡ್ಡವರಾಗಲಿ ಪಟ್ಟುಹಿಡಿದು ದುಡಿದರೆ ಫಲವುಂಟು. ನಮ್ಮ ಕಡೆಯ ಯಾವುದೇ ಕೋಚಿಂಗ್ ಸೆಂಟರಿನ ಕರಪತ್ರದಲ್ಲಿ ಇದಕ್ಕಿಂತ ಹೆಚ್ಚೇನೂ ಇರುವುದಿಲ್ಲ, ಫೋನ್ ನಂಬರ್ ಒಂದನ್ನು ಬಿಟ್ಟರೆ. ಆ ಶಾಸನ ಬರೆದ ಚಪಡನೆಂಬ ಲಿಪಿಕಾರ ಪಾಠವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ‘ಲಿಪಿಕಾರ’ ಎಂಬ ತನ್ನ ಪದವಿಯನ್ನಷ್ಟೆ ಖರೋಷ್ಠಿಯಲ್ಲಿ ಕೆತ್ತಿದ. ಖರೋಷ್ಠಿ ದೂರದ ವಾಯವ್ಯದ ಲಿಪಿ. ಇಸಿಲದಲ್ಲಿ ಅದನ್ನು ಎಷ್ಟು ಜನ ಓದುತ್ತಿದ್ದರೋ! ಸುತ್ತಲಿನವರಿಗೆ ಅರ್ಥವಾಗದ ಲಿಪಿಯಲ್ಲಿ ಹುದ್ದೆ ಹೇಳಿಕೊಂಡ ಈತನೇ ನಮ್ಮ ಸೀಮೆಯ ಇಂಗ್ಲಿಷ್ ಮೀಡಿಯಂ ಪಂಥದ ಮೂಲಪುರುಷನೆಂಬುದು ಗ್ರಂಥಕರ್ತನ ಮತ.

ಇನ್ನು ಕ್ಷೇತ್ರ. ಎಲ್ಲಕ್ಕೂ ಹಿರಿದು ನವೋದಯ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದ ಈ ವಸತಿ ಶಾಲೆಗಳಲ್ಲಿ ನಮ್ಮ ಜಿಲ್ಲೆಯದು ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿದೆ. ಆರನೇ ಕ್ಲಾಸಿಗೆ 80 ಸೀಟು. ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ತಾಸು. ‘80 ಪ್ರಶ್ನೆ, 80 ಸೀಟು, ಅಂದ್ರೆ ಒಂದ್ ಪ್ರಶ್ನೆಗೊಂದ್ ಸೀಟು’ ಎಂದು ಲೆಕ್ಕ ಹಾಕಿದ ತಂದೆಯೊಬ್ಬರನ್ನು ನಾನು ಬಲ್ಲೆ. ಒಂದು ಮಗು ಒಂದೇ ಸಲ ಕೂರಬಹುದು. ಮದುವೆಗಿಲ್ಲದ ಈ ನಿಯಮ ಆರನೇ ಕ್ಲಾಸಿಗಿದೆ. ನವೋದಯ ತಪ್ಪಿದರೆ ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ, ಆದರ್ಶ. ಎದೆಗಾರಿಕೆ ಇದ್ದವರಿಗೆ 1963ರಿಂದ ನಡೆಯುತ್ತಿರುವ ವಿಜಯಪುರದ ಸೈನಿಕ ಶಾಲೆ. ಅಲ್ಲಿ ಅಂಕ 300, ಅದರಲ್ಲಿ ಅರ್ಧ ಗಣಿತದ್ದೇ. ಖಾಸಗಿಯಲ್ಲಿ ಎಲ್ಲರ ಬಾಯಲ್ಲಿರುವುದು ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆ. ಪಾಠ, ಊಟ, ವಸತಿ ಉಚಿತ, ಆದರೆ ಪ್ರವೇಶ ಪರೀಕ್ಷೆಯಲ್ಲಿ ಗೆದ್ದು ಬರಬೇಕು. ಇಂಗ್ಲಿಷಿನಲ್ಲಿ ಓದಲು ದುಡ್ಡು ಸಾಕು, ಕನ್ನಡದಲ್ಲಿ ಓದಲು ಬುದ್ಧಿಯೇ ಬೇಕು ಎಂಬ ಕಾಲ ಬಂದದ್ದನ್ನು ಕೇಶಿರಾಜ ನೋಡಿದ್ದರೆ ಸಂತೋಷಪಡುತ್ತಿದ್ದನೋ ಏನೋ.

ಪೂರ್ವಪಕ್ಷ: 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜರಡಿ ಹಿಡಿಯಬಾರದು ಎನ್ನುತ್ತದಲ್ಲ? ಹಿಡಿದರೆ ಮೊದಲ ಸಲಕ್ಕೆ 25,000 ರೂಪಾಯಿ, ಆಮೇಲಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡವಲ್ಲ? ಸಿದ್ಧಾಂತ: ಹೌದು. ನವೋದಯ, ಸೈನಿಕ ಶಾಲೆಗಳನ್ನು ಕಾಯ್ದೆಯೇ ‘ನಿರ್ದಿಷ್ಟ ವರ್ಗ’ ಎಂದು ಬೇರೆ ಹೆಸರಿಸಿದೆ. ಉಳಿದ ಕಡೆ ಜರಡಿ ಇಲ್ಲ, ‘ಸುಮ್ನೆ ಮಾತಾಡಿಸ್ತೀವಿ’ ಅಷ್ಟೆ. ನಾನೂ ನನ್ನ ಹೆಂಡತಿಯೂ ನಮ್ಮ ಮಗಳ ಎಲ್‌ಕೆಜಿಗೆ ಒಂದು ಶಾಲೆಯಲ್ಲಿ ಹಾಗೆ ಸುಮ್ಮನೆ ಮಾತಾಡಿಸಿಕೊಂಡು ಬಂದವರೇ. ಮಗಳು ಬಣ್ಣಗಳ ಹೆಸರು ಹೇಳಿದಳು. ನನ್ನನ್ನು ‘ಮನೇಲಿ ಯಾವ ಭಾಷೆ?’ ಎಂದು ಕೇಳಿದರು. ಕನ್ನಡ ಎಂದೆ. ಆ ಮೇಡಂ ಏನೂ ಅನ್ನಲಿಲ್ಲ, ಪೆನ್ನಿನ ಮುಚ್ಚಳ ಹಾಕಿದರು.

ಇರಲಿ. ಭೇದಗಳಿಗೆ ಬರೋಣ.

ಮೊದಲನೆಯದು ಮಂಡಿಪೋಷಕ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಎರಡನೇ ಮುಂಬೈ ಎಂದು ಕರೆಸಿಕೊಂಡ ಊರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದರೂ ಕಾಯಿ ನೋಡುವ ಕಣ್ಣು ಹೋಗಿಲ್ಲ. ಮಂಡಿಯಲ್ಲಿ ಶೇಂಗಾ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಸುಲಿದು, ಬೀಜವೆಷ್ಟು ಜೊಳ್ಳೆಷ್ಟು ಎಂದು ರೇಟು ಕಟ್ಟುವಂತೆ ಈತ ಕೋಚಿಂಗ್ ಸೆಂಟರಿಗೆ ಹೋಗುತ್ತಾನೆ. ಗೋಡೆಯ ಮೇಲಿನ ಬ್ಯಾನರಿನಲ್ಲಿ ಹೋದ ವರ್ಷ ಆಯ್ಕೆಯಾದ ಮಕ್ಕಳ ಫೋಟೋ ಎಣಿಸುತ್ತಾನೆ. ‘ಒಟ್ಟು ಎಷ್ಟು ಮಕ್ಕಳು ಕೂತಿದ್ರು?’ ಎಂದು ಕೇಳುತ್ತಾನೆ. ಮೇಷ್ಟ್ರು ಕೆಮ್ಮುತ್ತಾರೆ. ಫೋಟೋ ಬೀಜ, ಕೆಮ್ಮು ಜೊಳ್ಳು. ಸೇರಿಸುವುದಂತೂ ಸೇರಿಸುತ್ತಾನೆ, ಚೌಕಾಸಿ ಮಾಡಿ.

ಎರಡನೆಯದು ಗ್ರಾಮಾಂತರಪೋಷಕ. ನವೋದಯದಲ್ಲಿ ಮುಕ್ಕಾಲು ಪಾಲು ಸೀಟು ಹಳ್ಳಿಯ ಮಕ್ಕಳಿಗೆ. ಹಳ್ಳಿ ಕೋಟಾಕ್ಕೆ ಮೂರು, ನಾಲ್ಕು, ಐದನೇ ಕ್ಲಾಸುಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಆದ್ದರಿಂದ ಇಪ್ಪತ್ತು ವರ್ಷ ಕಷ್ಟಪಟ್ಟು ಹಳ್ಳಿ ಬಿಟ್ಟು ಪೇಟೆ ಸೇರಿದ ಅಪ್ಪ, ಮಗುವಿಗೆ ಎಂಟು ತುಂಬುತ್ತಲೇ ಅದನ್ನು ಹಳ್ಳಿಗೆ ವಾಪಸ್ಸು ನೆಡುತ್ತಾನೆ. ಬೆಳಿಗ್ಗೆ ಪೇಟೆಯಿಂದ ಹಳ್ಳಿಗೆ ಆಟೋದಲ್ಲಿ ಹೋಗುವ ಮಕ್ಕಳೂ ಹಳ್ಳಿಯಿಂದ ಪೇಟೆಯ ಕಾನ್ವೆಂಟಿಗೆ ಹಳದಿ ವ್ಯಾನಿನಲ್ಲಿ ಬರುವ ಮಕ್ಕಳೂ ದಾರಿಯಲ್ಲಿ ಎದುರಾಗಿ ಕೈ ಬೀಸುವುದುಂಟು.

ಮೂರನೆಯದರ ಮೇಲೆ ಗ್ರಂಥಕರ್ತನಿಗೆ ವಿಶೇಷ ಪ್ರೀತಿ. ಅದು ನೇಯ್ಗೆಪೋಷಕ, ಮೊಳಕಾಲ್ಮುರಿನಲ್ಲಿ ಮಾತ್ರ ಸಿಗುವ ಪ್ರಭೇದ. ನವೋದಯ ಪರೀಕ್ಷೆಯ ಅರ್ಧ ಅಂಕ ಮಾನಸಿಕ ಸಾಮರ್ಥ್ಯದ್ದು. 40 ಪ್ರಶ್ನೆ, ಎಲ್ಲವೂ ಚಿತ್ರ. ಗುಂಪಿಗೆ ಸೇರದ್ದು ಯಾವುದು, ಸಾಲಿನಲ್ಲಿ ಮುಂದಿನದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಕಾಗದ ಮಡಚಿ ತೂತು ಮಾಡಿ ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಬೀಳುತ್ತವೆ, ದೊಡ್ಡ ಆಕೃತಿಯೊಳಗೆ ಸಣ್ಣದು ಎಲ್ಲಿ ಅಡಗಿದೆ. ಪದವಿ ಮಾಡಿದ ಅಪ್ಪಂದಿರು ಇದರ ಮುಂದೆ ಬೆವರುತ್ತಾರೆ. ಚಪಾತಿಯನ್ನು ನಾಲ್ಕು ಮಡಿಕೆ ಮಾಡಿ ಮೂಲೆ ಕಚ್ಚಿ, ಬಿಚ್ಚಿ ತೋರಿಸುವ ತಾಯಂದಿರುಂಟು. (ಮುದ್ದೆ ತಿನ್ನುವ ಮನೆಗಳಿಗೆ ಈ ಅನುಕೂಲವಿಲ್ಲ, ಮುದ್ದೆಯನ್ನು ಮಡಚಿದವರಿಲ್ಲ.) ಆದರೆ ರೇಷ್ಮೆ ಸೀರೆ ನೇಯುವ ಅಪ್ಪ ಮಗ್ಗದ ಮೇಲೆ ಕೂತೇ ಪುಸ್ತಕದ ಕಡೆ ಒಂದು ಸಲ ಕಣ್ಣು ಹಾಯಿಸಿ ‘ಬಿ’ ಎನ್ನುತ್ತಾನೆ. ಉತ್ತರ ಬಿ. ಇನ್ನೊಂದು ಪುಟ, ‘ಡಿ’. ಉತ್ತರ ಡಿ. ಹೇಗೆ ಎಂದು ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ‘ಅಂಚಿಗೆ ಬುಟ್ಟಾ ಹಂಗೇ ಅಲ್ವಾ ಸಾ ಬರೋದು? ಇಲ್ಲಿ ಬೇರೆ ಹಾಕಿದ್ರೆ ಸೀರೆ ತಗಳಲ್ಲ.’ ಮೂರು ತಲೆಮಾರು ಈ ವಿದ್ಯೆಯಲ್ಲೇ ಕೂತೆದ್ದ ಆತ ಪರೀಕ್ಷೆಗೆ ಕೂತಿದ್ದರೆ 40ಕ್ಕೆ 40 ಹೊಡೆಯುತ್ತಿದ್ದ. ಅವನಿಗೆ ಆ ಅಂಕವನ್ನು ಯಾರೂ ಕೊಡಲಿಲ್ಲ. ಸೀರೆಗೆ ಮಜೂರಿ ಕೊಟ್ಟರು. ಮಗ ಇದೇ ಬುಟ್ಟಾಗಳನ್ನು ಓಎಂಆರ್ ಶೀಟಿನಲ್ಲಿ ಗುರುತಿಸಿ ಮಗ್ಗದಿಂದ ಆಚೆ ಹೋಗಲಿ ಎಂಬುದು ಅವನ ಲೆಕ್ಕ.

ನಾಲ್ಕನೆಯದು ಗೋಡೆಪೋಷಕ. ಅಮೃತಮಹಲ್ ಕಾವಲಿನಲ್ಲಿ ಕುರಿ, ದನ ಮೇಯಿಸಿಕೊಂಡಿದ್ದ ಊರುಗಳಲ್ಲಿ ಈ ಪ್ರಭೇದ ಸಿಗುತ್ತದೆ. ಈಗ ಕಾವಲಿನ ಸುತ್ತ ಗೋಡೆ. ಒಳಗೆ ಕುದಾಪುರದಲ್ಲಿ ಐಐಎಸ್‌ಸಿಯ ಕ್ಯಾಂಪಸ್, ಇಸ್ರೋ, ಬಿಎಆರ್‌ಸಿಗಳ ಜಾಗ, 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ. ಅಪ್ಪ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗೋಡೆಯ ಪಕ್ಕ ಹೋಗುತ್ತಾನೆ. ‘ನಾನು ಇದ್ರೊಳಗೆ ಕುರಿ ಬಿಡ್ತಿದ್ದೆ. ನೀನು ಗೇಟಲ್ಲೇ ಒಳಕ್ ಹೋಗ್ಬೇಕು.’ ಮಗ ತಲೆ ಎತ್ತಿ ಆಕಾಶ ನೋಡುತ್ತಾನೆ, ಅಲ್ಲಿ ಡ್ರೋನ್ ಹಾರುತ್ತಿರುತ್ತದೆ. ಹಾರುವುದಕ್ಕೂ ಪರೀಕ್ಷೆ ಇರುವ ತಾಲ್ಲೂಕಿದು. 2019ರ ಸೆಪ್ಟೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು. ಜನ ಮುತ್ತಿಕೊಂಡು ನೋಡಿದರು, ಫೋಟೋ ಹಿಡಿದರು. ಅದನ್ನು ‘ನಿನ್ನ ಮಗ’ ಎಂದು ಯಾರೂ ಯಾರಿಗೂ ಅನ್ನಲಿಲ್ಲ.

ಐದನೆಯದು ಹಾಸ್ಟೆಲ್‌ಪೋಷಕ. ಹಾಸ್ಟೆಲ್ಲಿರುವ ಶಾಲೆಗೆ ಸೇರಿಸಲು ಮಗುವನ್ನು ಮೊದಲು ಹಾಸ್ಟೆಲ್ಲಿರುವ ಕೋಚಿಂಗಿಗೆ, ವಿಜಯಪುರಕ್ಕೋ ಧಾರವಾಡಕ್ಕೋ, ಸೇರಿಸುವವರು. ಆ ಹಾಸ್ಟೆಲ್ಲಿಗೆ ಸೇರಲು ಪರೀಕ್ಷೆ ಇಟ್ಟರೆ ಏನು ಗತಿ ಎಂಬ ಪ್ರಶ್ನೆಗೆ ಅನವಸ್ಥಾದೋಷವೆಂದು ನೈಯಾಯಿಕರು ಹೆಸರಿಟ್ಟಿದ್ದಾರೆ. ನಮ್ಮವರು ಫೌಂಡೇಶನ್ ಕೋರ್ಸ್ ಎನ್ನುತ್ತಾರೆ.

ಉಪಭೇದಗಳು ಇನ್ನೂ ಇವೆ. ಪಕ್ಕದ ಮನೆಯ ಮಗುವನ್ನು ನೋಡಿ ಹುಟ್ಟುವ ಅನುಕರಣಪೋಷಕ. ಪರೀಕ್ಷೆಯ ದಿನ ಸೆಂಟರಿನ ಕಾಂಪೌಂಡಿಗೆ ಒರಗಿ ನಿಂತು, ಮಗು ಹೊರಗೆ ಬಂದ ಕೂಡಲೇ ನೀರು ಕೊಡುವ ಮೊದಲು ಪ್ರಶ್ನೆಪತ್ರಿಕೆ ಕಿತ್ತುಕೊಳ್ಳುವ ಸದ್ಯೋಮೌಲ್ಯಮಾಪಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವೆಂದು ಗೊತ್ತಾದ ಮೇಲೆ ‘ಗೊತ್ತಿಲ್ದಿದ್ರೆ ಎಲ್ಲಾ ಸಿ ಹಾಕ್ಕೊಂಡ್ ಬಾ’ ಎನ್ನುವ ವೇದಾಂತಿ.

ಮಕ್ಕಳ ಭೇದವನ್ನು ಈ ಗ್ರಂಥದಲ್ಲಿ ಹೇಳಿಲ್ಲ. ಭಾನುವಾರ ಕೋಚಿಂಗಿದೆ ಎಂದರೆ ಎಲ್ಲರಿಗೂ ಹೊಟ್ಟೆನೋವು ಬರುತ್ತದೆ. ವಿಂಗಡಿಸಲು ಲಕ್ಷಣಭೇದ ಸಾಲದು.

ಇನ್ನು ಫಲವಿಚಾರ. ಬೇರೆ ಪರೀಕ್ಷೆಗಳಲ್ಲಿ ಗೆದ್ದರೆ ಏನಾದರೂ ಮನೆಗೆ ಬರುತ್ತದೆ: ಸಂಬಳ, ಸೈಕಲ್ಲು, ಕೊನೆಗೊಂದು ಹಾರ. ಇದರಲ್ಲಿ ಗೆದ್ದರೆ ಮನೆಯಿಂದ ಹೋಗುತ್ತದೆ. ಹತ್ತು ಹನ್ನೊಂದು ವರ್ಷದ ಮಗು ಟ್ರಂಕು ಹಿಡಿದು ಹೋದರೆ ಹನ್ನೆರಡನೇ ಕ್ಲಾಸಿನವರೆಗೆ ಏಳು ವರ್ಷ ರಜೆಗೆ ಬರುವ ನೆಂಟ. ಎರಡು ವರ್ಷ ಪ್ರತಿ ರಾತ್ರಿ ಮಗ್ಗಿ ಹೇಳಿಸಿದ ತಾಯಿ ಸಾಮಾನಿನ ಚೀಟಿ ಹಿಡಿದು ಅಂಗಡಿಗೆ ಹೋಗುತ್ತಾಳೆ: ಬೀಗ ಒಂದು, ತಟ್ಟೆ ಒಂದು, ಲೋಟ ಒಂದು, ಬಕೆಟ್ ಒಂದು. ತಟ್ಟೆಯ ಹಿಂದೆ ಹೆಸರು ಕೊರೆಸುವಾಗ ಅಂಗಡಿಯವನು ‘ಇನಿಷಿಯಲ್ ಏನಮ್ಮ?’ ಎನ್ನುತ್ತಾನೆ. ಆಗ ಅವಳಿಗೆ ಮೊದಲ ಸಲ ಅನುಮಾನ ಬರುತ್ತದೆ. ಇದಕ್ಕೆ ಮಾದರಿ ಪ್ರಶ್ನೆಪತ್ರಿಕೆ ಮಾರುಕಟ್ಟೆಯಲ್ಲಿಲ್ಲ.

ಇಲ್ಲಿಂದ ಹುಟ್ಟುವುದು ಕೊನೆಯ ಪ್ರಭೇದ, ಪ್ರತಿಪೋಷಕಿ. ಇವಳು ಸಾಮಾನ್ಯವಾಗಿ ಅಜ್ಜಿ. ಬಾಯಲ್ಲಿ ‘ಚೆನ್ನಾಗ್ ಬರಿಯಪ್ಪ’ ಎಂದು ಹೇಳುತ್ತಾಳೆ. ಮನಸ್ಸು ಬೇರೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಸೊಸೆ ಗೌರಸಮುದ್ರದ ಮಾರಮ್ಮನಿಗೆ ಹರಕೆ ಹೊತ್ತಳು: ಸೀಟು ಸಿಕ್ಕರೆ ಜಾತ್ರೆಯ ದಿನ ತುಮಲೆಂಬ ಜಾಗದಲ್ಲಿ ಒಂದು ಬುಟ್ಟಿ ಈರುಳ್ಳಿ ಎರಚುತ್ತೇನೆ. ಅದೇ ವಾರ ಅತ್ತೆಯೂ ಅದೇ ಬಸ್ಸಿಗೆ ಹೋಗಿ, ಅದೇ ದೇವರಿಗೆ, ಸೀಟು ಸಿಗದಿದ್ದರೆ ಎರಡು ಬುಟ್ಟಿ ಎಂದು ಬೇಡಿಕೊಂಡು ಬಂದಳು. ಪರೀಕ್ಷೆಯಲ್ಲಿ ಗ್ರಾಮೀಣ ಕೋಟಾ ಇರುವಂತೆ ಹರಕೆಯಲ್ಲಿ ಹಿರಿಯರ ಕೋಟಾ ಇದೆಯೇ, ಬುಟ್ಟಿಯ ಸಂಖ್ಯೆಯ ಮೇಲೆ ಮೆರಿಟ್ಟೇ ಎಂಬ ಬಗ್ಗೆ ಶಾಸ್ತ್ರಕಾರರು ಏನನ್ನೂ ಹೇಳಿಲ್ಲ.

ಫಲಿತಾಂಶ ಬಂತು. ಮೊದಲ ಪಟ್ಟಿಯಲ್ಲಿ ಹುಡುಗನ ಹೆಸರಿರಲಿಲ್ಲ. ಅಪ್ಪ ಎರಡು ದಿನ ಮಾತಾಡಲಿಲ್ಲ. ಆಮೇಲೆ ಕೋಚಿಂಗ್ ಮೇಷ್ಟ್ರು, ಮಾರ್ಕ್ಸ್ ಹತ್ತಿರ ಹತ್ತಿರ ಬಂದಿರಬೇಕು, ಯಾರಾದರೂ ಸೇರದಿದ್ದರೆ ಎರಡನೇ ಪಟ್ಟಿ ಬಿಡುತ್ತಾರೆ, ಕಾಯಿರಿ ಎಂದರು. ಆ ವಾರದ ಸಂತೆಯಲ್ಲಿ ಅಜ್ಜಿ ಸಿಕ್ಕಳು, ಈರುಳ್ಳಿ ರಾಶಿಯ ಮುಂದೆ. ಒಂದು ಗೆಡ್ಡೆ ಎತ್ತಿ ಅದುಮಿ ನೋಡಿ ವಾಪಸ್ಸು ಇಟ್ಟಳು.

‘ಯಾಕಜ್ಜಿ, ತಗಳಲ್ವಾ?’ ಎಂದೆ.

‘ಎರಡ್ನೇ ಲಿಸ್ಟ್ ಬರೋ ತಂಕ ಸುಮ್ಕಿರಪ್ಪ’ ಎಂದಳು, ಸೊಸೆ ಎಲ್ಲಿದ್ದಾಳೆಂದು ಒಮ್ಮೆ ಹಿಂದಕ್ಕೆ ನೋಡಿ. ‘ಈಗ್ಲೇ ತಗಂಡ್ರೆ ಅವಳಿಗೆ ಗೊತ್ತಾಗ್ಬಿಡ್ತೈತೆ.’